ಮಗುವನ್ನು ಯಾವ ಗರಡಿಗೆ ಒಪ್ಪಿಸುವುದು?

ಏಳು ವರ್ಷದ ನಮ್ಮ ಮೊಮ್ಮಗಳು ಪಡಸಾಲೆಯ ಕಂಬಕ್ಕೆ ಕಾಲಾನಿಸಿ ತಲೆಕೆಳಗಾಗಿ ನಿಲ್ಲಲು ತೊಡಗಿ ವರ್ಷವಾಯಿತು. ಯಾವುದೋ ದೇಶದ ಬಾಲೆಯರು ಗಾಳಿಯಲ್ಲಿ ಹೊರಳುವುದನ್ನು ಟಿ.ವಿ.ಯಲ್ಲಿ ಕಂಡಂದಿನಿಂದ ಅವಳಿಗೆ ಜಿಮ್ನ್ಯಾಸ್ಟಿಕ್ಸ್ ಕಲಿಯುವ ಹಂಬಲ. ಮಗ, ಸೊಸೆ ಇಬ್ಬರೂ ಉದ್ಯೋಗಸ್ಥರು. ತಕ್ಕ ಕೇಂದ್ರವನ್ನು ಹುಡುಕುವ ಹೊಣೆ ವ್ಯಾಕರಣ, ಅಲಂಕಾರಗಳನ್ನೋದಿ ತಲೆ ನರೆತ ನಮ್ಮ ಪಾಲಿಗೆ ಬಂದಿತು.

ಈ ವಿದ್ಯೆಯ ನೆರಳಾದರೂ ನಮಗೆ ಪರಿಚಿತವಾದುದೇ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗೇ ಒಂದು ಪ್ರಕರಣ ಮೀಸಲಾಗಿದೆ. ನಾವು ಬಾಲ್ಯದಲ್ಲಿದ್ದ ವಿದ್ಯಾರ್ಥಿನಿಲಯದ ಹಿತ್ತಿಲಲ್ಲಿ ಹರಳೆಣ್ಣೆ ಸವರಿದ ಮಲ್ಲಕಂಬವೊಂದಿತ್ತು. ಒಂದು ಸಂಜೆ, ಕಲಿಸುವವರು ಇಲ್ಲದ ಹೊತ್ತಿನಲ್ಲಿ, ನಮ್ಮ ಸಹಪಾಠಿಯೊಬ್ಬನು ಕಂಬದ ತುದಿಯಿಂದ ಜಾರಿ ಗಟ್ಟಿನೆಲದ ಮೇಲೆ ಬಿದ್ದು ಮೊಣಕೈ ಮುರಿದುಕೊಂಡನು. ಮೆಟ್ಟಿಲಿಳಿಯುವಾಗ ಬಿದ್ದನೆಂದು ಅವನ ತಂದೆಗೆ ಹೇಳಬೇಕೆಂದು ನಮಗೆ ಅಪ್ಪಣೆಯಾಯಿತು. ನಾವೂ ಹಾಗೆಯೇ ಹೇಳಿದೆವು. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಐವತ್ತು ವರ್ಷಗಳ ಮೇಲೆಯೂ ಆ ಸುಳ್ಳು ನಮ್ಮ ನಾಲಗೆಯ ಮೇಲೆ ಕಹಿಯಾಗಿಯೇ ಇದೆ. ಮೊಮ್ಮಗಳ ಕೈಹಿಡಿದು ಹೊರಟಾಗ ನಮ್ಮ ಕಣ್ಣ ಮುಂದಿದ್ದುದು ಪದಕವಲ್ಲ, ಆ ಸೊಟ್ಟ ಮೊಣಕೈ.

ಮೊದಲು ಕಂಡ ಕೇಂದ್ರದ ಗೋಡೆಯ ತುಂಬ ಪದಕ, ಪ್ರಶಸ್ತಿಪತ್ರಗಳು. ನಮ್ಮ ಮಗನಿಗೆ ಅದೇ ಮೆಚ್ಚುಗೆಯಾಗಿತ್ತು. ಆದರೆ ಪಾಲಕರು ಒಳಗೆ ಕೂರಕೂಡದೆಂಬ ಫಲಕವೂ ಬಾಗಿಲಲ್ಲಿಯೇ ಇತ್ತು. ಅರೆತೆರೆದ ಕದದಿಂದ ಇಣುಕಿದೆವು. ಕಾಲುಗಳನ್ನು ಎರಡೂ ಬದಿಗೆ ಚಾಚಿ ಕುಳಿತ ಪುಟ್ಟ ಹುಡುಗಿಯ ತೊಡೆಗಳನ್ನು ಶಿಕ್ಷಕನು ತನ್ನ ಭಾರ ಹಾಕಿ ಒತ್ತುತ್ತಿದ್ದನು. ಮಗು ಬಿಕ್ಕುತ್ತಿತ್ತು. “ಅತ್ತರೇನೇ ಮೈ ಬಾಗುವುದು” ಎಂದು ಕಚೇರಿಯವರು ನಕ್ಕರು. ಮೊಮ್ಮಗಳು ನಮ್ಮ ಧೋತರದ ಸೆರಗನ್ನು ಬಿಗಿಯಾಗಿ ಹಿಡಿದಳು. ನಾವು ಚಹವನ್ನೂ ಕುಡಿಯದೆ ಹೊರಬಿದ್ದೆವು. ಎರಡನೆಯದರ ವಿಷಯ ಹೆಚ್ಚು ಹೇಳುವಂತಹುದಲ್ಲ: ಕಾಂಕ್ರೀಟಿನ ಮೇಲೆ ಒಂದು ಜಮಖಾನೆ, ಹೊರಗೆ ದೊಡ್ಡ ನಾಮಫಲಕ.

ಆಡುವ ಮಕ್ಕಳ ನೆಲ ಹೇಗಿರಬೇಕೆಂಬುದನ್ನು ಪಾಲಕರು ಮೊದಲು ತಿಳಿಯಬೇಕು. ಹೆಣ್ಣುಮಕ್ಕಳಿಗೆ ಈ ಕ್ರೀಡೆಯಲ್ಲಿ ನಾಲ್ಕು ಸಾಧನಗಳು, ಗಂಡುಮಕ್ಕಳಿಗೆ ಆರು. ಹೆಣ್ಣುಮಕ್ಕಳು ನಡೆಯುವ ಬೀಮ್ ಎಂಬ ತೊಲೆಯ ಅಗಲ ಕೇವಲ 10 ಸೆಂಟಿಮೀಟರ್. ಸ್ಪರ್ಧೆಯಲ್ಲಿ ಅದರ ಎತ್ತರ 125 ಸೆಂಟಿಮೀಟರ್. ಒಳ್ಳೆಯ ಕೇಂದ್ರದಲ್ಲಿ ಆರಂಭದ ಮಕ್ಕಳಿಗೆ ಅದೇ ಅಗಲದ ತೊಲೆ ನೆಲಕ್ಕೆ ತಾಗಿಯೇ ಇರುತ್ತದೆ. ಇಳಿಯುವಲ್ಲೆಲ್ಲ ದಪ್ಪನೆಯ ಮೆತ್ತೆ, ಕಠಿಣ ಪಲ್ಟಿಗಳಿಗೆ ಸ್ಪಂಜಿನ ತುಂಡು ತುಂಬಿದ ಗುಂಡಿ ಇದ್ದರೆ ಲೇಸು. ಮೆತ್ತೆಗಳ ನಡುವಿನ ಸಂದುಗಳನ್ನು ಕಾಲಿನಿಂದ ತಡವಿ ನೋಡಿರಿ. ಕಣಕಾಲು ಉಳುಕುವುದು ಅಲ್ಲಿಯೇ.

ನೆಲಕ್ಕಿಂತ ಗುರುವಿನ ಪರೀಕ್ಷೆ ಕಠಿಣ. ಪಟಿಯಾಲದ ರಾಷ್ಟ್ರೀಯ ಕ್ರೀಡಾಸಂಸ್ಥೆಯ ತರಬೇತಿ ಡಿಪ್ಲೊಮಾ ಇದ್ದವರು ಸಿಕ್ಕರೆ ಭಾಗ್ಯ. ಇಲ್ಲವಾದರೆ ಎಲ್ಲಿ ಕಲಿತರು, ಯಾರಿಗೆ ಕಲಿಸಿದರು ಎಂದು ಸಂಕೋಚವಿಲ್ಲದೆ ಕೇಳಬೇಕು. ಹೆಣ್ಣು ನೋಡಲು ಹೋದಾಗ ನೂರು ಪ್ರಶ್ನೆ ಕೇಳುವ ನಮ್ಮ ಜನ ಇಲ್ಲಿ ಮಾತ್ರ ಮೌನವಾಗುವುದೇಕೋ ತಿಳಿಯದು. ಮಣಿಕಟ್ಟು ನೋಯುತ್ತಿದೆಯೆಂದು ಮಗು ಹೇಳಿದರೆ ಗುರು ಏನು ಮಾಡುವನೆಂಬುದು ಮುಖ್ಯವಾದ ಪ್ರಶ್ನೆ. ಈ ಕ್ರೀಡೆಯಲ್ಲಿ ಕೈಗಳೇ ಕಾಲಾಗಿ ಮೈಯ ಭಾರ ಹೊರುವುದರಿಂದ ಬೆಳೆಯುವ ಎಲುಬಿನ ತುದಿಗೆ ಪೆಟ್ಟಾಗುವುದುಂಟು. ಬೆನ್ನನ್ನು ಅತಿಯಾಗಿ ಹಿಂದಕ್ಕೆ ಬಾಗಿಸಿದರೆ ಕಶೇರುಕದಲ್ಲಿ ಬಿರುಕೂ ಬರಬಹುದು. ಮಗುವಿನ ವಯಸ್ಸೆಷ್ಟೋ ವಾರದ ಅಭ್ಯಾಸದ ಗಂಟೆಗಳು ಅಷ್ಟನ್ನು ಮೀರಬಾರದೆಂಬುದು ಕ್ರೀಡಾವೈದ್ಯರು ಹೇಳುವ ಒಂದು ಸುಲಭ ಅಳತೆ.

ಪಾಲಕರನ್ನು ಹೊರಗಿಡುವ ಫಲಕಕ್ಕೆ ನಾವು ಅಂಜಿದುದು ಮುದುಕರ ಸಂಶಯವೆಂದು ಮಗನು ನಕ್ಕನು. ಅವನಿಗೆ ಅಮೆರಿಕದ ಕಥೆಯನ್ನು ಹೇಳಬೇಕಾಯಿತು. ಅಲ್ಲಿಯ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬವನು ಚಿಕಿತ್ಸೆಯ ನೆಪದಲ್ಲಿ ವರ್ಷಾನುಗಟ್ಟಲೆ ಬಾಲೆಯರ ಮೇಲೆ ಲೈಂಗಿಕ ದೌರ್ಜನ್ಯವೆಸಗಿದ್ದನು. 2018ರಲ್ಲಿ ಮಿಶಿಗನ್ನಿನ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಂದಿ ತಮ್ಮ ನೋವನ್ನು ನಿವೇದಿಸಿದರು. ಅವನಿಗೆ 40ರಿಂದ 175 ವರ್ಷಗಳ ಸೆರೆವಾಸವಾಯಿತು. ಬ್ರಿಟನ್ನಿನಲ್ಲಿ 2022ರಲ್ಲಿ ಹೊರಬಂದ ವೈಟ್ ವರದಿಯು ಮಕ್ಕಳನ್ನು ತೂಕದ ಹೆಸರಿನಲ್ಲಿ ಅವಮಾನಿಸಿದ್ದನ್ನು, ನೀರು, ಶೌಚಗಳಿಗೂ ತಡೆದುದನ್ನು ದಾಖಲಿಸಿದೆ. ಪದಕಗಳಿಗೆ ಬಡತನವಿಲ್ಲದ ದೇಶಗಳಿವು. ನಮ್ಮಲ್ಲಿಯೂ 2012ರ ಪೋಕ್ಸೊ ಕಾಯಿದೆಯಿದೆ. ಅಂಥ ಅಪರಾಧವನ್ನು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅದರಡಿ ಅಪರಾಧ. ಶಿಕ್ಷಕನು ಸಾಧನದ ಮೇಲಿರುವ ಮಗುವನ್ನು ಮುಟ್ಟಿ ಹಿಡಿಯಲೇಬೇಕು, ಅದು ರಕ್ಷಣೆ. ಅದು ಎಲ್ಲರ ಕಣ್ಣೆದುರಿಗೆ ನಡೆಯಬೇಕೆಂಬುದಷ್ಟೇ ನಮ್ಮ ಹಟ.

“ಕಷ್ಟಪಡದೆ ದೀಪಾ ಕರ್ಮಾಕರ್ ಆಗುವುದುಂಟೆ?” ಎಂದು ಮಗನು ಕೇಳಿದನು. ಪ್ರಶ್ನೆ ಅಲ್ಲಗಳೆಯುವಂತಹುದಲ್ಲ. ಅಗರ್ತಲಾದ ಆ ಹೆಣ್ಣುಮಗಳು 2016ರ ರಿಯೊ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ 15.066 ಅಂಕ ಪಡೆದು ನಾಲ್ಕನೆಯವಳಾದುದು ಕಠೋರ ಸಾಧನೆಯಿಂದಲೇ. ಆದರೆ ತಾನಾಗಿ ಹೊತ್ತ ಕಷ್ಟ ಬೇರೆ, ಏಳು ವರ್ಷದ ಮಗುವಿನ ತೊಡೆಯ ಮೇಲೆ ಇನ್ನೊಬ್ಬರು ಹೇರುವ ಭಾರ ಬೇರೆ. ಮಗನು ಉತ್ತರಿಸಲಿಲ್ಲ, ಒಪ್ಪಿದನೆಂದೂ ಹೇಳಲಾರೆವು.

ಮೂರನೆಯದು ಊರಾಚೆಯ ತಗಡಿನ ಚಾವಣಿಯ ಕೊಠಡಿ. ಅಂಚಿನಲ್ಲಿ ಪಾಲಕರಿಗೆ ಬೆಂಚು. ಕಲಿಸುವಾಕೆ ಮೊದಲ ದಿನ ಮಕ್ಕಳಿಗೆ ಪಲ್ಟಿಯನ್ನಲ್ಲ, ಬೀಳುವುದನ್ನು ಕಲಿಸಿದಳು: ಗದ್ದವನ್ನು ಎದೆಗೊತ್ತಿ, ಕೈಯನ್ನು ಹಿಂದಕ್ಕೆ ಊರದೆ, ಬೆನ್ನನ್ನು ಗುಂಡಾಗಿಸಿ ಉರುಳುವುದು. ಯಾರಾದರೂ ಬಿದ್ದು ಪೆಟ್ಟಾದರೆ ಏನು ಮಾಡುವಿರೆಂದು ಕೇಳಿದೆವು. ಆಕೆ ಒಂದು ವಹಿಯನ್ನು ತಂದಿಟ್ಟಳು. ತಾರೀಖು, ಮಗು, ಪೆಟ್ಟು, ಮನೆಗೆ ತಿಳಿಸಿದ ವೇಳೆ, ಕೆಳಗೆ ಪಾಲಕರ ರುಜು. ಆ ವಹಿಯನ್ನು ನಾವು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತೆವು.

ಈಗ ಎಂಟು ತಿಂಗಳಾಯಿತು. ವಾರಕ್ಕೆ ಮೂರು ಸಂಜೆ, ಎರಡು ಬಸ್ಸು ಬದಲಿಸಿ ಹೋಗುತ್ತೇವೆ. ಹೋದ ತಿಂಗಳು ಬೆರಳು ಉಳುಕಿಸಿಕೊಂಡಳು. ವಹಿಯಲ್ಲಿ ನಾವೇ ರುಜು ಹಾಕಿದೆವು. ನೆಲದ ತೊಲೆಯ ಮೇಲೆ ಈ ತುದಿಯಿಂದ ಆ ತುದಿಗೆ ಕೈಚಾಚಿ ನಡೆಯುತ್ತಾಳೆ, ನಡುವೆ ಒಮ್ಮೆ ಬೆಂಚಿನತ್ತ ನೋಡಿ ನಾವಿದ್ದೇವೆಯೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳುತ್ತಾಳೆ.