ನೆಲದೊಳಗನ್ನು ಅಳೆಯುವವರು

ಬೇಸಗೆಯಲ್ಲಿ ನಮ್ಮ ಮಡಕಶಿರಾ, ರಾಯದುರ್ಗಗಳ ಕಡೆಯ ಹಳ್ಳಿಗಳಲ್ಲಿ ಓಡಾಡುವವರಿಗೆ ಒಂದು ನೋಟ ಹೊಸದಲ್ಲ. ಕೊಳವೆಬಾವಿ ತೋಡಿಸಬೇಕೆಂದಿರುವ ರೈತನ ಹೊಲಕ್ಕೆ ಮೊದಲು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬರುತ್ತಾರೆ. ಅವರು ತೋರಿಸಿದ ಕಡೆ ಕೊರೆದು ಬರಿಯ ಕಲ್ಲುಪುಡಿ ಎದ್ದ ಮೇಲೆ, ಸಾಲ ಇನ್ನಷ್ಟು ಬೆಳೆದ ಮೇಲೆ, ಮತ್ತೊಬ್ಬರು ಬರುತ್ತಾರೆ. ಇವರ ಬಳಿ ಒಂದು ಪೆಟ್ಟಿಗೆ, ನಾಲ್ಕು ಲೋಹದ ಗೂಟ, ಉದ್ದನೆಯ ತಂತಿಯ ಸುರುಳಿಗಳು. ಹೀಗೊಮ್ಮೆ ಅಳತೆ ನಡೆದಿದ್ದಾಗ ಪಕ್ಕದಲ್ಲಿ ನಿಂತಿದ್ದ ಹತ್ತನೆಯ ತರಗತಿಯ ಹುಡುಗ, "ಮೇಷ್ಟ್ರೇ, ಈ ಕೆಲಸಕ್ಕೆ ಏನು ಓದಬೇಕು?" ಎಂದು ಕೇಳಿದ. ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಆ ಉತ್ತರವನ್ನು ಸಾವಧಾನವಾಗಿ ಹೇಳುವ ಪ್ರಯತ್ನವೇ ಈ ಲೇಖನ.

ನೆಲವನ್ನು ಅಗೆಯದೆ, ಅದರ ವಿದ್ಯುತ್ತು, ಗುರುತ್ವ, ಕಾಂತತೆ, ಕಂಪನಗಳನ್ನು ಅಳೆದು, ಒಳಗಿನ ನೀರು, ಅದಿರು, ಎಣ್ಣೆಗಳ ನೆಲೆಯನ್ನು ಊಹಿಸುವ ಶಾಸ್ತ್ರಕ್ಕೆ ಭೂಭೌತ ಅನ್ವೇಷಣೆ ಎನ್ನುತ್ತಾರೆ. ಹೊಲದಲ್ಲಿ ನಡೆಯುತ್ತಿದ್ದುದು ಅದರ ಒಂದು ಸುಲಭ ರೂಪ. ಹೊರಗಿನ ಎರಡು ಗೂಟಗಳ ಮೂಲಕ ನೆಲಕ್ಕೆ ವಿದ್ಯುತ್ತು ಹರಿಸುತ್ತಾರೆ. ಒಳಗಿನ ಎರಡರ ನಡುವೆ ಎಷ್ಟು ವೋಲ್ಟೇಜು ತೋರುವುದೆಂದು ಅಳೆಯುತ್ತಾರೆ. ಹೊರಗಿನ ಗೂಟಗಳನ್ನು ದೂರ ದೂರ ಸರಿಸಿದಂತೆಲ್ಲ ವಿದ್ಯುತ್ತು ಹೆಚ್ಚು ಆಳದ ಪದರಗಳನ್ನು ಮುಟ್ಟಿ ಬರುತ್ತದೆ. ಬಿರುಕಿಲ್ಲದ ಗಟ್ಟಿ ಬೆಣಚುಕಲ್ಲು ವಿದ್ಯುತ್ತನ್ನು ತಡೆಯುತ್ತದೆ. ನೀರು ತುಂಬಿದ ಬಿರುಕುಗಳೂ ಶಿಥಿಲವಾದ ಕಲ್ಲೂ ಅಷ್ಟು ತಡೆಯುವುದಿಲ್ಲ. ಆದರೆ ಒದ್ದೆಯಾದ ಜೇಡಿಮಣ್ಣೂ ತಡೆಯುವುದಿಲ್ಲ! ಜೇಡಿಯಿಂದ ಬಾವಿಗೆ ನೀರು ಬಾರದು. ಉಪಕರಣ ಹೇಳುವುದು ವಿದ್ಯುತ್ತಿನ ಸಂಗತಿ, ರೈತ ಕೇಳುವುದು ನೀರಿನ ಸಂಗತಿ. ಈ ಎರಡರ ನಡುವಣ ಹಳ್ಳವನ್ನು ದಾಟಬಲ್ಲವನೇ ಭೂಭೌತಜ್ಞ. ಅದನ್ನು ದಾಟಿದವರು ಒಂದೇ ದಡದಿಂದ ಬಂದವರಲ್ಲ ಎಂಬುದೇ ಈ ಕಸುಬಿನ ಚರಿತ್ರೆಯ ಸ್ವಾರಸ್ಯ.

ಆ ನಾಲ್ಕು ಗೂಟಗಳ ವಿನ್ಯಾಸಕ್ಕೆ ಇಂದಿಗೂ ಶ್ಲಂಬರ್ಜೆ ವಿನ್ಯಾಸವೆಂದೇ ಹೆಸರು. ಕಾನ್ರಾಡ್ ಶ್ಲಂಬರ್ಜೆ ಪ್ಯಾರಿಸ್ಸಿನ ಗಣಿಶಾಲೆಯಲ್ಲಿ ಭೌತಶಾಸ್ತ್ರದ ಅಧ್ಯಾಪಕ. ನಮ್ಮ ವೃತ್ತಿಯವನೇ ಎನ್ನೋಣ. 1912ರಲ್ಲಿ ಆತ ನಾರ್ಮಂಡಿಯ ತಮ್ಮ ಕುಟುಂಬದ ಜಮೀನಿನಲ್ಲಿ ನೆಲಕ್ಕೆ ವಿದ್ಯುತ್ತು ಹರಿಸಿ, ಸಮ ವಿಭವದ ರೇಖೆಗಳನ್ನು ಗುರುತಿಸಿ ನಕ್ಷೆ ಬರೆದ. ಜವಳಿ ಉದ್ಯಮಿಯಾಗಿದ್ದ ತಂದೆ 1919ರಲ್ಲಿ ಹಣ ಕೊಟ್ಟ ಮೇಲೆ, ಎಂಜಿನಿಯರನಾದ ತಮ್ಮ ಮಾರ್ಸೆಲ್ ಜೊತೆಗೂಡಿದ. 1927ರ ಸೆಪ್ಟೆಂಬರಿನಲ್ಲಿ ಕಾನ್ರಾಡನ ಅಳಿಯ ಆನ್ರಿ ಡಾಲ್, ಆಲ್ಸೇಸಿನ ಪೆಷೆಲ್‌ಬ್ರಾನ್ ಎಂಬಲ್ಲಿ ಎಣ್ಣೆಬಾವಿಯೊಳಕ್ಕೇ ತಂತಿ ಇಳಿಬಿಟ್ಟು, ಮೀಟರು ಮೀಟರಿಗೂ ನಿಲ್ಲಿಸಿ ರೋಧವನ್ನು ಅಳೆದು ಕೈಯಿಂದಲೇ ರೇಖೆ ಎಳೆದ. ಕೊರೆದ ಬಾವಿಯ ಗೋಡೆಯನ್ನು ಓದುವ ಇಡೀ ಉದ್ಯಮ ಅಲ್ಲಿಂದ ಮೊದಲಾಯಿತು.

ಜರ್ಮನಿಯ ಲುಡ್ಗರ್ ಮಿಂಟ್ರಾಪ್ ಬಂದ ದಾರಿ ಬೇರೆ. ಆತ ಗಣಿಗಳ ಮೋಜಣಿದಾರ. 1908ರಲ್ಲಿ ಗಟಿಂಗೆನ್‌ನಲ್ಲಿ ನಾಲ್ಕು ಟನ್ ತೂಕದ ಉಕ್ಕಿನ ಗುಂಡನ್ನು 14 ಮೀಟರು ಎತ್ತರದಿಂದ ನೆಲಕ್ಕೆ ಕೆಡವಿ, ಎದ್ದ ಕಂಪನವನ್ನು ದೂರದಲ್ಲಿ ದಾಖಲಿಸಿದ. ಉಪ್ಪಿನ ಗುಡ್ಡೆಗಳಂಥ ಗಟ್ಟಿ ಪದರದಲ್ಲಿ ಕಂಪನ ಬೇಗ ಓಡುತ್ತದೆ. ಬೇಗ ತಲುಪಿದರೆ ಕೆಳಗೆ ಅದಿದೆ ಎಂದರ್ಥ. 1921ರಲ್ಲಿ ಆತ ಕಂಪನಿ ಕಟ್ಟಿದ. ಆ ಕಂಪನಿಯ ತಂಡವೊಂದು 1924ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನೆಲದಡಿಯ ಉಪ್ಪಿನ ಗುಡ್ಡೆಯನ್ನು ಕಂಡುಹಿಡಿಯಿತು. ಎಣ್ಣೆ ಇಂಥ ಗುಡ್ಡೆಗಳ ಮಗ್ಗುಲಲ್ಲೇ ಶೇಖರವಾಗುವುದುಂಟು.

ಅಮೆರಿಕದ ಜಾನ್ ಕ್ಲಾರೆನ್ಸ್ ಕಾರ್ಚರ್ ಭೌತವಿಜ್ಞಾನಿ. ಮೊದಲನೆಯ ಮಹಾಯುದ್ಧದಲ್ಲಿ ಶಬ್ದದಿಂದ ಶತ್ರುವಿನ ಫಿರಂಗಿ ಎಲ್ಲಿದೆಯೆಂದು ಪತ್ತೆಮಾಡುವ ಕೆಲಸ ಅವನದಾಗಿತ್ತು. ನೆಲದೊಳಗಿನ ಪದರಗಳಿಂದ ಮರುದನಿಯಾಗಿ ಬರುವ ಕಂಪನದಿಂದ ಅವುಗಳ ಆಳವನ್ನು ತಿಳಿಯಬಹುದಲ್ಲವೇ ಎಂದು ಯೋಚಿಸಿ, 1921ರಲ್ಲಿ ಓಕ್ಲಹೋಮದಲ್ಲಿ ಪರೀಕ್ಷಿಸಿ ತೋರಿಸಿದ. ಫಲವೇನು? ಎಣ್ಣೆಯ ಬೆಲೆ ಇಳಿಯಿತು, ಕಂಪನಿ ಮುಚ್ಚಿತು, ಕಾರ್ಚರ್ ಮತ್ತೆ ಪ್ರಯೋಗಾಲಯದ ನೌಕರಿಗೆ ಹೋದ. 1925ರಲ್ಲಿ ಭೂವಿಜ್ಞಾನಿ ಡಿಗಾಲ್ಯರ್ ಕರೆದ ಮೇಲೆ ಮರಳಿ ಬಂದು, 1930ರಲ್ಲಿ ಯೂಜಿನ್ ಮೆಕ್‌ಡರ್ಮಟ್‌ನೊಡನೆ ಜಿಯೋಫಿಸಿಕಲ್ ಸರ್ವಿಸ್ ಎಂಬ ಸಂಸ್ಥೆ ತೆರೆದ. ಸಾಧಿಸಿದ ವಿದ್ಯೆಯನ್ನೇ ಬಿಟ್ಟು ಹೊಟ್ಟೆಪಾಡಿಗೆ ಬೇರೆ ಕಡೆ ಹೋಗಬೇಕಾದ ಮೊದಲ ಭೂಭೌತಜ್ಞ ಇವನಿರಬಹುದೇನೋ, ಕೊನೆಯವನಂತೂ ಅಲ್ಲ.

ಆ ಸಂಸ್ಥೆಗೆ 1930ರ ದಶಕದ ಮೊದಲಲ್ಲಿ ಸೇರಿದ ಸೆಸಿಲ್ ಗ್ರೀನ್ ವಿದ್ಯುತ್ ಎಂಜಿನಿಯರು. ಭೂವಿಜ್ಞಾನ ಓದಿದವನಲ್ಲ. ಸಿಡಿಮದ್ದು, ತಂತಿ, ಲಾರಿಗಳ ತಂಡದ ಮುಖ್ಯಸ್ಥನಾಗಿ ಹೆಂಡತಿಯೊಡನೆ ಊರಿಂದೂರಿಗೆ ಅಲೆದ. ಆ ತಂಡಗಳಲ್ಲಿ ಏರುವ ಮೆಟ್ಟಿಲು ಗೊತ್ತಾದದ್ದೇ: ತಂತಿ ಹಾಸುವವನಾಗಿ ಸೇರಿ, ಉಪಕರಣ ನಡೆಸುವವನಾಗಿ, ಕಂಪ್ಯೂಟರ್ ಆಗಿ, ಆಮೇಲೆ ಮುಖ್ಯಸ್ಥನಾಗುವುದು. ಕಂಪ್ಯೂಟರ್ ಎಂದರೆ ಆಗ ಯಂತ್ರವಲ್ಲ, ಕೂತು ಲೆಕ್ಕ ಮಾಡುವ ಮನುಷ್ಯ. ಗ್ರೀನ್ ಮತ್ತು ಮೂವರು ಸಹೋದ್ಯೋಗಿಗಳು 1941ರ ಡಿಸೆಂಬರ್ 6ರಂದು ಸಂಸ್ಥೆಯನ್ನೇ ಕೊಂಡರು. ಮರುದಿನ ಪರ್ಲ್ ಹಾರ್ಬರಿನ ಮೇಲೆ ಬಾಂಬು ಬಿತ್ತು. 1951ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಹೆಸರು ತಳೆದದ್ದು ಇದೇ ಉದ್ಯಮ.

ಇವರೆಲ್ಲರಿಗಿಂತ ವಿಚಿತ್ರ ದಾರಿ ಎಂಡರ್ಸ್ ರಾಬಿನ್ಸನ್ನನದು. ಎಂ.ಐ.ಟಿ.ಯಲ್ಲಿ ಗಣಿತ ಓದಿ, ಅರ್ಥಶಾಸ್ತ್ರದಲ್ಲೂ ಸ್ನಾತಕೋತ್ತರ ಪದವಿ ಪಡೆದವನು. ಕಾಲಕ್ರಮದಲ್ಲಿ ಏರಿಳಿಯುವ ಅಂಕಿಗಳ ಸಾಲನ್ನು ವಿಶ್ಲೇಷಿಸುವ ಗಣಿತವನ್ನು ಕಂಪನದ ರೇಖೆಗಳಿಗೆ ಹಚ್ಚಿ, ಗದ್ದಲದಲ್ಲಿ ಹುದುಗಿದ ಮರುದನಿಯನ್ನು ಬೇರ್ಪಡಿಸುವ ವಿಧಾನವನ್ನು 1950ರ ದಶಕದಲ್ಲಿ ಕೊಟ್ಟ. ಅಂಕಿಗಳಿಗೆ ಅವು ಪೇಟೆಯವೋ ಪಾತಾಳದವೋ ಎಂಬ ಭೇದವಿಲ್ಲ!

ಕಾರ್ಚರನಿಗೆ ಆದದ್ದು ಮತ್ತೆ ಮತ್ತೆ ಆಗಿದೆ. 1986ರಲ್ಲಿ ಎಣ್ಣೆಯ ಬೆಲೆ ಕುಸಿಯಿತು; 2014ರ ನಡುವಿನಲ್ಲಿ ಪೀಪಾಯಿಗೆ 100 ಡಾಲರಿಗೂ ಮೇಲಿದ್ದುದು 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿಯಿತು. ಹುಡುಕಾಟದ ಖರ್ಚನ್ನೇ ಕಂಪನಿಗಳು ಮೊದಲು ಕಡಿಯುತ್ತವೆ. ಕೆಲಸ ಕಳೆದುಕೊಂಡವರು ಅಂತರ್ಜಲ, ಅಣೆಕಟ್ಟು ಸುರಂಗಗಳ ತಳಪರೀಕ್ಷೆ, ಲೆಕ್ಕದ ತಂತ್ರಾಂಶಗಳತ್ತ ತಿರುಗುತ್ತಾರೆ. ಒಂದೇ ವಿದ್ಯೆಯನ್ನು ನೆಚ್ಚಿದವರಿಗಿಂತ ಎರಡು ಕಲಿತವರಿಗೆ ಇದು ಸುಲಭವೆಂದು ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿ ಎಣ್ಣೆ ಮತ್ತು ನೈಸರ್ಗಿಕ ಅನಿಲ ಆಯೋಗ 1956ರಲ್ಲಿ ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆ 1961ರಲ್ಲಿ. ಆಯೋಗ ಇಂದು ಕಂಪನಿಯಾಗಿದೆ. ಅದರಲ್ಲಿ ಮೇಲ್ಮೈಯ ಭೂಭೌತಜ್ಞರು, ಬಾವಿಗಳ ಭೂಭೌತಜ್ಞರು ಎಂಬ ಎರಡು ಹುದ್ದೆಗಳಿವೆ. ಒಂದು ಮಿಂಟ್ರಾಪ್, ಕಾರ್ಚರರ ವಂಶ, ಇನ್ನೊಂದು ಡಾಲ್‌ನ ವಂಶ. ಭೂವಿಜ್ಞಾನ ಓದಿದವರಿಗೆಂದೇ ಎಂ. ಬಿ. ರಾಮಚಂದ್ರರಾಯರು ಭೂಭೌತ ಅನ್ವೇಷಣೆಯ ಕೈಪಿಡಿಯೊಂದನ್ನು ಇಂಗ್ಲಿಷಿನಲ್ಲಿ ಬರೆದರು. 1975ರಲ್ಲಿ ಅದನ್ನು ಪ್ರಕಟಿಸಿದ್ದು ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗ. ಭೂಭೌತವನ್ನೇ ಕಲಿಸುವ ವಿಭಾಗಗಳು ಧನಬಾದ್, ಖರಗ್‌ಪುರ, ಕಾಶಿ, ವಿಶಾಖಪಟ್ಟಣ, ಹೈದರಾಬಾದುಗಳಲ್ಲಿವೆ. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಭೂಭೌತಜ್ಞರ ಹುದ್ದೆಗೆ ಕೇಂದ್ರ ಲೋಕಸೇವಾ ಆಯೋಗ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಭೌತಶಾಸ್ತ್ರದ ಎಂ.ಎಸ್‌ಸಿ. ಆದವರೂ ಅರ್ಹರು. ಇದು ನಮ್ಮ ಅನೇಕ ಅಧ್ಯಾಪಕರಿಗೇ ತಿಳಿಯದು, ನನಗೂ ತಿಳಿದಿರಲಿಲ್ಲ. ಭೌತಶಾಸ್ತ್ರ ಓದಿದರೆ ಮೇಷ್ಟರಾಗಬಹುದು ಎಂದಷ್ಟೇ ಹೇಳುತ್ತ ಬಂದೆವು.

ತೊಡಕೂ ಇದೆ. ಆ ಪರೀಕ್ಷೆಯ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು ಆಡಿ, ಕನ್ನಡ ಶಾಲೆಯಲ್ಲಿ ಓದುವ ಗಡಿಯ ಹುಡುಗನಿಗೆ ಮೂರನೆಯ ನುಡಿಯಲ್ಲಿ ವಿದ್ಯುತ್ ರೋಧವನ್ನು ವಿವರಿಸುವುದು ಸುಲಭವಲ್ಲ. ಆದರೆ ಓಮನ ನಿಯಮ ಅವನ ಹತ್ತನೆಯ ತರಗತಿಯ ಪಾಠದಲ್ಲೇ ಇದೆ. ನಾಲ್ಕು ಮೊಳೆ, ಒಂದಷ್ಟು ಬ್ಯಾಟರಿ, ಒಂದು ಮೀಟರು, ಒಂದು ತೊಟ್ಟಿ ಒದ್ದೆ ಮರಳು ಇದ್ದರೆ ಶ್ಲಂಬರ್ಜೆಯ ಪ್ರಯೋಗವನ್ನು ಶಾಲೆಯಲ್ಲೇ ಮಾಡಬಹುದು. ಆ ಹುಡುಗನೂ ನಾನೂ ಮಾಡಿ ನೋಡಿದೆವು. ಮರಳಿನಲ್ಲಿ ಒಂದು ಚಪ್ಪಡಿಕಲ್ಲು ಹುಗಿದಿಟ್ಟಿದ್ದೆ. ಅದು ಎಲ್ಲಿದೆಯೆಂದು ಮೀಟರು ನೋಡಿ ಹೇಳಲು ಅವನಿಗೆ ಮುಕ್ಕಾಲು ಗಂಟೆ ಬೇಕಾಯಿತು. ಒಂದು ಗೇಣು ತಪ್ಪಿ ಹೇಳಿದ.