ಹಡಗಿನಲ್ಲಿ ಬಂದ ಕುದುರೆಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ನೋಡಿದ್ದೀರಾ? ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಗಳು, ಆಮೇಲೆ ಕುದುರೆ ಸವಾರರು. ಆನೆ ನಮ್ಮ ಮಲೆನಾಡಿನ ಪ್ರಾಣಿ. ಕುದುರೆ ಹಾಗಲ್ಲ. ಯುದ್ಧಕ್ಕೆ ತಕ್ಕ ಒಳ್ಳೆಯ ಕುದುರೆಗಳು ಅರಬ್ ಮತ್ತು ಪರ್ಷಿಯಾ ನಾಡುಗಳಿಂದ ಹಡಗಿನಲ್ಲಿ ಬರುತ್ತಿದ್ದವು. ಕುದುರೆ, ಆನೆ, ಮುತ್ತುಗಳನ್ನು ಸಮುದ್ರದ ಮೇಲೆ ತರಿಸಿ ರಾಜರಿಗೆ ಮಾರುತ್ತಿದ್ದ ವರ್ತಕನ ಮಾತು ಅರಸೀಕೆರೆಯ ಹೊಯ್ಸಳರ ಕಾಲದ ಶಾಸನವೊಂದರಲ್ಲಿದೆ.

ಮತ್ತೆ ಮತ್ತೆ ಹಣ ಸುರಿಯುವ ಬದಲು ಒಂದಷ್ಟು ಗಂಡು, ಹೆಣ್ಣು ಕುದುರೆಗಳನ್ನು ಕೊಂಡು ಇಲ್ಲೇ ಮರಿ ಮಾಡಿಸಬಹುದಿತ್ತಲ್ಲ? ನಿಮಗೂ ಹೀಗೆ ಅನ್ನಿಸಿರಬಹುದು. ಲೆಕ್ಕ ಹಾಕಿ ನೋಡೋಣ. ಹೆಣ್ಣುಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಸಾಮಾನ್ಯವಾಗಿ ಒಂದೇ ಮರಿ. 100 ಹೆಣ್ಣುಕುದುರೆಗಳಿದ್ದರೆ ವರ್ಷಕ್ಕೆ ಹೆಚ್ಚೆಂದರೆ 100 ಮರಿ. ಅವು ಬೆಳೆದು ಯುದ್ಧದ ಸವಾರಿಗೆ ಒಗ್ಗಲು ಮತ್ತೆ ಮೂರು ನಾಲ್ಕು ವರ್ಷ ಬೇಕು. ಶತ್ರು ಅಷ್ಟು ದಿನ ಕಾಯುತ್ತಾನೆಯೆ? ಒಂದು ಗಂಡುಕುದುರೆ ಒಂದೇ ವರ್ಷದಲ್ಲಿ ಹಲವು ಮರಿಗಳಿಗೆ ತಂದೆಯಾಗಬಲ್ಲದು. ಆದ್ದರಿಂದ ಹಿಂಡು ಎಷ್ಟು ಬೇಗ ಬೆಳೆಯುತ್ತದೆ ಎಂಬುದು ಹೆಣ್ಣುಕುದುರೆಗಳ ಸಂಖ್ಯೆಯ ಮೇಲೆ ನಿಂತಿದೆ.

ಇನ್ನೂ ಒಂದು ತೊಡಕಿತ್ತು. 13ನೇ ಶತಮಾನದ ಕೊನೆಯಲ್ಲಿ ದಕ್ಷಿಣ ಭಾರತಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ಮಾರ್ಕೋ ಪೋಲೋ, ಹೊಯ್ಸಳರ ನೆರೆಯ ಪಾಂಡ್ಯರ ನಾಡಿನ ಕುದುರೆಗಳ ಬಗ್ಗೆ ಬರೆದಿದ್ದಾನೆ. ಕೊಂಡ ಕುದುರೆಗಳು ಆರೈಕೆ ಸರಿಯಿಲ್ಲದೆ ಬೇಗ ಸಾಯುತ್ತಿದ್ದವಂತೆ. ಅವಕ್ಕೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದರಂತೆ! ಎತ್ತರದ ಗಂಡು, ಎತ್ತರದ ಹೆಣ್ಣು ಕೂಡಿದರೂ ಹುಟ್ಟುವುದು ಕಾಲು ಸೊಟ್ಟಗಿನ ಸಣ್ಣ ಮರಿ ಎಂದೂ ಹೇಳಿದ್ದಾನೆ.

ತಂದೆತಾಯಿ ಚೆನ್ನಾಗಿದ್ದೂ ಮರಿ ಏಕೆ ಹಾಗಾಗುತ್ತದೆ? ಕುದುರೆಯ ಜೀವಕೋಶದಲ್ಲಿ 64 ವರ್ಣತಂತುಗಳಿವೆ. 32 ತಾಯಿಯಿಂದ, 32 ತಂದೆಯಿಂದ ಬಂದವು. ಎತ್ತರ, ಬಣ್ಣ, ಓಟದ ಶಕ್ತಿಗೆ ಬೇಕಾದ ಸೂಚನೆಗಳು ಅವುಗಳಲ್ಲಿವೆ. ಆದರೆ ಮೂಳೆ ಕಟ್ಟಲು ಸೂಚನೆ ಮಾತ್ರ ಸಾಲದು, ಸಾಮಗ್ರಿಯೂ ಬೇಕು. ಕುದುರೆ ಹುಲ್ಲು ಮೇಯುವ ಪ್ರಾಣಿ. ಅಕ್ಕಿ, ತೌಡುಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಅಂಥ ಆಹಾರವನ್ನೇ ತಿಂದರೆ ಮೂಳೆಯಲ್ಲಿರುವ ಕ್ಯಾಲ್ಸಿಯಂ ಕೂಡ ಕರಗಿ ಮೂಳೆ ದುರ್ಬಲವಾಗುತ್ತದೆ. ಗರ್ಭದಲ್ಲಿರುವಾಗಲೂ ಹಾಲು ಕುಡಿಯುವಾಗಲೂ ಮರಿಯ ಮೂಳೆಗೆ ಕ್ಯಾಲ್ಸಿಯಂ ಬರುವುದು ತಾಯಿಯಿಂದಲೇ. ಮಾರ್ಕೋ ಪೋಲೋ ಹೇಳಿದ ಸೊಟ್ಟ ಕಾಲಿಗೆ ಇದೂ ಒಂದು ಕಾರಣವಿದ್ದೀತು.

ನಮ್ಮ ನೆಲದಲ್ಲಿ ಒಳ್ಳೆಯ ಕುದುರೆ ಹುಟ್ಟುವುದೇ ಇಲ್ಲ ಎನ್ನುವಂತಿಲ್ಲ. ಹಾಸನದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಕುಣಿಗಲ್ ಸಿಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುತ್ತಿದ್ದರು. ಮುಂದೆ ಅಲ್ಲಿನ ಕುದುರೆ ಫಾರಂನಲ್ಲಿ ಹುಟ್ಟಿದ ಮರಿಗಳು ದೇಶದ ದೊಡ್ಡ ಓಟದ ಪಂದ್ಯಗಳನ್ನೇ ಗೆದ್ದವು.

ಮರಿ ಮಾಡಿಸಲು ಕುದುರೆ ಕೊಳ್ಳುವವರು ಹೊಳೆಯುವ ಮೈ ನೋಡಿ ಮರುಳಾಗುವುದಿಲ್ಲ. ಮೊದಲು ಬಾಯಿ ತೆರೆಸುತ್ತಾರೆ. ಎರಡೂವರೆ ವರ್ಷಕ್ಕೆ ಮುಂದಿನ ಹಾಲುಹಲ್ಲು ಬೀಳಲು ಶುರುವಾಗಿ, ಐದು ವರ್ಷಕ್ಕೆ ಮುಂಭಾಗದ ಹಲ್ಲುಗಳೆಲ್ಲ ಹೊಸದಾಗಿರುತ್ತವೆ. ಮುಂದೆ ಸವೆತ ನೋಡಿ ವಯಸ್ಸನ್ನು ಅಂದಾಜು ಮಾಡುತ್ತಾರೆ. ಆಮೇಲೆ ನಡೆಸಿ, ಓಡಿಸಿ ಕಾಲು, ಗೊರಸು ಪರೀಕ್ಷೆ. ಹಿಂದೆ ಹಾಕಿದ ಮರಿಗಳು ಹೇಗಿವೆ ಎಂದೂ ವಿಚಾರಿಸುತ್ತಾರೆ. ನನ್ನನ್ನು ಕೇಳಿದರೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ನಿಮ್ಮ ಊರಿನಲ್ಲಿ ಹಸು ಕೊಳ್ಳುವ ಹಿರಿಯರು ಏನೇನು ನೋಡುತ್ತಾರೆ, ಕೇಳಿ ಬರೆದುಕೊಂಡು ಬನ್ನಿ.