ದಾದರಿನ ಮಗ್ಗುಲಲ್ಲೊಂದು ಹಿರಿಯರ ಊರು

ಮುಂಬಯಿಯ ದಾದರ್ ಟಿ.ಟಿ. ವೃತ್ತದಲ್ಲಿ ಸದ್ದಿಗೆ ಬಿಡುವಿಲ್ಲ. ಮೇಲ್ಸೇತುವೆಯ ಮೇಲೂ ಕೆಳಗೂ ವಾಹನಗಳು, ಪುಣೆಗೆ ಹೊರಟ ಬಸ್ಸು-ಟ್ಯಾಕ್ಸಿಗಳ ಕೂಗಾಟ. ಅಲ್ಲಿಂದ ಪೂರ್ವದ ಒಳರಸ್ತೆಗೆ ಹೊಕ್ಕರೆ ಸಾಕು, ಹಾರ್ನ್‌ಗಳ ಅಬ್ಬರ ತಗ್ಗುತ್ತದೆ. ಇಕ್ಕೆಲದಲ್ಲೂ ದೊಡ್ಡ ಮರಗಳು, ಬಾಲ್ಕನಿಯುಳ್ಳ ಗಿಡ್ಡ ಕಟ್ಟಡಗಳು, ಹೊಸ್ತಿಲ ಮುಂದೆ ಸುಣ್ಣದ ಪುಡಿಯ ರಂಗೋಲಿ. ಇದು ದಾದರ್ ಪಾರ್ಸಿ ಕಾಲೊನಿ. ಸಂಜೆಯಾದರೆ ಪಕ್ಕದ ಫೈವ್ ಗಾರ್ಡನ್ಸ್‌ನ ಬೆಂಚುಗಳ ಮೇಲೆ ಊರುಗೋಲು ಹಿಡಿದವರು, ಆಯಾಳ ತೋಳು ಹಿಡಿದು ನಡೆದು ಬಂದವರು ಒಬ್ಬೊಬ್ಬರಾಗಿ ಸೇರುತ್ತಾರೆ. ‘ಸಾಹೇಬ್‌ಜಿ’ ಎಂಬ ನಮಸ್ಕಾರದಿಂದ ಮಾತು ಶುರುವಾಗುತ್ತದೆ.

ಈ ನೆಮ್ಮದಿ ತಾನಾಗಿ ಒದಗಿದ್ದಲ್ಲ. ಅದರ ಹಿಂದೆ ಒಂದು ಮಹಾಮಾರಿ ಇದೆ.

1896ರಲ್ಲಿ ಮಾಂಡ್ವಿಯ ಕಿಕ್ಕಿರಿದ ಗಲ್ಲಿಗಳಲ್ಲಿ ಕಾಣಿಸಿಕೊಂಡ ಪ್ಲೇಗ್ ಮುಂಬಯಿಯನ್ನು ನಡುಗಿಸಿತು. ಜನ ಊರು ಬಿಟ್ಟರು, ಗಿರಣಿಗಳು ಸೊರಗಿದವು. ಗಾಳಿ-ಬೆಳಕಿಲ್ಲದ ಮನೆಗಳೇ ರೋಗದ ತವರೆಂದು ಬಗೆದ ಸರ್ಕಾರ 1898ರಲ್ಲಿ ಬಾಂಬೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ಆಗ ನಗರದ ಹೊರವಲಯವಾಗಿದ್ದ ದಾದರ್, ಮಾಟುಂಗಾ, ವಡಾಲಾ, ಸಯನ್‌ಗಳಲ್ಲಿ ಅಗಲ ರಸ್ತೆ, ಉದ್ಯಾನಗಳಿರುವ ಹೊಸ ಬಡಾವಣೆಗಳನ್ನು ಟ್ರಸ್ಟ್ ರೂಪಿಸಿತು. ಸಿವಿಲ್ ಎಂಜಿನಿಯರ್ ಮಂಚೇರ್ಜಿ ಎದಲ್‌ಜಿ ಜೋಶಿ ಅಧಿಕಾರಿಗಳ ಮನವೊಲಿಸಿ 103 ನಿವೇಶನಗಳನ್ನು ತಮ್ಮ ಪಾರ್ಸಿ ಸಮುದಾಯದ ಕೆಳ ಮಧ್ಯಮ ವರ್ಗದವರಿಗಾಗಿ ಕಾಯ್ದಿರಿಸಿದರು. ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಲಾಯಿತು. ಒಂದು ರಸ್ತೆಗೆ ಅಶೋಕ, ಇನ್ನೊಂದಕ್ಕೆ ಮಹಾಗನಿ ಎಂದು ರಸ್ತೆಗೊಂದು ಜಾತಿಯ ಮರ ನೆಡಿಸಿದರು. ಶಾಲೆ, ಸಭಾಭವನ, ಆಟದ ಮೈದಾನ, ಅಗ್ಯಾರಿ (ಅಗ್ನಿ ದೇವಾಲಯ) ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಬಂದವು. ಕೊಲಾಬಾದ ಖುಸ್ರೋ ಬಾಗ್‌ನಂಥ ಪಾರ್ಸಿ ವಸತಿಗಳಿಗೆ ಗೋಡೆ, ಗೇಟುಗಳಿವೆ. ಜೋಶಿಯವರ ಕಾಲೊನಿಗೆ ಸುತ್ತುಗೋಡೆಯಿಲ್ಲ, ಯಾರು ಬೇಕಾದರೂ ಅದರ ನೆರಳಲ್ಲಿ ನಡೆದು ಹೋಗಬಹುದು.

ಹಾಗೆ ನಡೆದವರಲ್ಲಿ ಕನ್ನಡಿಗರು ಕಡಿಮೆಯೇನಲ್ಲ. ನೆರೆಯ ಮಾಟುಂಗಾದಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ರೈಲು ನಿಲ್ದಾಣದ ಎದುರು ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ನಾಟಕಕ್ಕೋ ಊಟಕ್ಕೋ ಬಂದವರು ಫೈವ್ ಗಾರ್ಡನ್ಸ್‌ಗೆ ಒಂದು ಸುತ್ತು ಹಾಕದೆ ಹೋಗುವುದುಂಟೇ!

ವಯಸ್ಸಾದವರಿಗೆ ಬೇಕಾದದ್ದನ್ನೆಲ್ಲ ಜೋಶಿ ನೂರು ವರ್ಷ ಮೊದಲೇ ಮಾಡಿಟ್ಟಿದ್ದರು ಎನ್ನಬೇಕು. ಆದರೆ ಅವರು ಅದನ್ನು ಮಾಡಿದ್ದು ಮಕ್ಕಳು ಓಡಾಡುವ ಊರಿಗೆಂದು. ಆ ಮಕ್ಕಳು ಇಲ್ಲಿ ನಿಜಕ್ಕೂ ಬೆಳೆದರು. ವಿಕೆಟ್ ಕೀಪರ್ ಫಾರೂಖ್ ಎಂಜಿನಿಯರ್ ಈ ಕಾಲೊನಿಯ ಹುಡುಗ. ಮಾಟುಂಗಾದ ಡಾನ್ ಬಾಸ್ಕೊ ಶಾಲೆಯಲ್ಲಿ ಓದಿ, ಭಾರತಕ್ಕೆ ಆಡಿ, 1968ರಲ್ಲಿ ಲ್ಯಾಂಕಶೈರ್ ತಂಡ ಸೇರಿ, ಕೊನೆಗೆ ಇಂಗ್ಲೆಂಡಿನಲ್ಲೇ ನೆಲೆಸಿದರು. ಲಂಡನ್, ಟೊರೊಂಟೊ, ಸಿಡ್ನಿಗಳ ದಾರಿ ಹಿಡಿದ ಪಾರ್ಸಿ ತರುಣರು ಅಸಂಖ್ಯ. ಹಿಂದೆ ಉಳಿದವರು ಅಪ್ಪ, ಅಮ್ಮ, ಮದುವೆಯಾಗದ ಅತ್ತೆ, ಚಿಕ್ಕಪ್ಪ.

1941ರಲ್ಲಿ ದೇಶದ ಪಾರ್ಸಿಗಳ ಸಂಖ್ಯೆ 1.14 ಲಕ್ಷ ದಾಟಿತ್ತು. 2001ರ ಜನಗಣತಿಯಲ್ಲಿ 69,601, 2011ರಲ್ಲಿ 57,264. ಹತ್ತರಲ್ಲಿ ಸುಮಾರು ಮೂವರು ಅರವತ್ತು ದಾಟಿದವರು. ಇಡೀ ದೇಶದಲ್ಲಿ ಆ ಪಾಲು 2011ರಲ್ಲಿ ಹತ್ತರಲ್ಲಿ ಒಬ್ಬರಿಗೂ ಕಡಿಮೆಯಿತ್ತು. ವಲಸೆಯೊಂದೇ ಕಾರಣವಲ್ಲ. ತಡವಾದ ಮದುವೆ, ಮದುವೆಯೇ ಬೇಡವೆನ್ನುವವರು, ಒಂದೇ ಮಗು ಸಾಕೆನ್ನುವವರು, ಎಲ್ಲವೂ ಸೇರಿವೆ. ಜೊತೆಗೆ 1908ರ ಒಂದು ತೀರ್ಪಿನ ನೆರಳೂ ಇದೆ. ಉದ್ಯಮಿ ಆರ್.ಡಿ. ಟಾಟಾ ಅವರ ಫ್ರೆಂಚ್ ಪತ್ನಿಯ ಮತಾಂತರದಿಂದ ಎದ್ದ ವಿವಾದದಲ್ಲಿ ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ದಾವರ್ ಮತ್ತು ಬೀಮನ್ ಅವರು ಪಾರ್ಸಿತನವನ್ನು ತಂದೆಯ ವಂಶದಿಂದ ಗುರುತಿಸಿದರು. ಹೊರಗೆ ಮದುವೆಯಾದ ಹೆಣ್ಣುಮಕ್ಕಳ ಸಂತಾನಕ್ಕೆ ಬಾಗಿಲು ಇಂದಿಗೂ ಬಹುಮಟ್ಟಿಗೆ ಮುಚ್ಚಿದೆ. ಸಂಖ್ಯೆ ಕುಸಿಯುತ್ತಿರುವಾಗ ಸ್ವಂತ ಮೊಮ್ಮಕ್ಕಳನ್ನು ಹೊರಗೆ ನಿಲ್ಲಿಸುವುದು ನೋವಿನ ಸಂಗತಿ.

ಇಲ್ಲಿ ವೃದ್ಧಾಪ್ಯದ ಕಷ್ಟ ಇರುವುದು ಮೆಟ್ಟಿಲಲ್ಲಿ. ಲಿಫ್ಟಿನ ಯೋಚನೆಯಿಲ್ಲದ ಕಾಲದಲ್ಲಿ ಎದ್ದ ಕಟ್ಟಡಗಳಲ್ಲಿ ಮಂಡಿ ನೋವಿನವರಿಗೆ ಎರಡನೆಯ ಮಹಡಿಯೇ ಬೆಟ್ಟ. ಕಟ್ಟಡ ಕೆಡವಿ ಗೋಪುರ ಎಬ್ಬಿಸಿದರೆ ಲಿಫ್ಟ್ ಬರುತ್ತದೆ, ಆದರೆ ಕಾರುಗಳೂ ಬರುತ್ತವೆ, ಬೆಂಚಿನವರೆಗಿನ ನಿರಾತಂಕ ನಡಿಗೆ ಹೋಗುತ್ತದೆ. 2012ರಲ್ಲಿ ಈ ಪ್ರದೇಶವನ್ನು ಪಾರಂಪರಿಕ ವಲಯಗಳ ಪಟ್ಟಿಗೆ ಸೇರಿಸುವ ಪ್ರಸ್ತಾವ ಬಂದಾಗ ದಾದರ್-ಮಾಟುಂಗಾದ ನಿವಾಸಿಗಳಲ್ಲೇ ಭಿನ್ನಾಭಿಪ್ರಾಯ ಎದ್ದಿತು. ಹಳೆಯ ಕಟ್ಟಡಕ್ಕೇ ಲಿಫ್ಟ್ ಜೋಡಿಸಲು ನೆರವಾಗುವುದು ಎರಡೂ ಕಡೆಯವರಿಗೆ ಒಪ್ಪಿಗೆಯಾಗಬಹುದಾದ ದಾರಿ.

ಕುಸಿಯುತ್ತಿರುವ ಪಾರ್ಸಿ ಸಂಖ್ಯೆಯನ್ನು ತಡೆಯಲು 2013ರಲ್ಲಿ ಕೇಂದ್ರ ಸರ್ಕಾರ ‘ಜಿಯೋ ಪಾರ್ಸಿ’ ಯೋಜನೆ ತಂದಿತು. ಸಂತಾನಕ್ಕಾಗಿ ಚಿಕಿತ್ಸೆ ಪಡೆಯುವ ದಂಪತಿಗಳಿಗೆ ನೆರವು ಅದರ ಮೊದಲ ಗುರಿ. ಕೆಲಸಕ್ಕಿಳಿದ ಮೇಲೆ ಇನ್ನೊಂದು ವಾಸ್ತವ ಎದುರಾಯಿತು. ಒಂದು ಜೋಡಿಯ ಹೆಗಲ ಮೇಲೆ ಎರಡೂ ಕಡೆಯ ಅಪ್ಪ-ಅಮ್ಮ, ಜೊತೆಗೆ ಮಕ್ಕಳಿಲ್ಲದ ಅತ್ತೆ-ಚಿಕ್ಕಪ್ಪಂದಿರು. ಅಷ್ಟು ಜನರ ಔಷಧಿ, ಆಸ್ಪತ್ರೆ ನೋಡಿಕೊಳ್ಳುವ ಮನೆಯಲ್ಲಿ ಎರಡನೆಯ ತೊಟ್ಟಿಲಿನ ಮಾತು ಹಿಂದೆ ಬೀಳುತ್ತದೆ. ಹೀಗಾಗಿ, ಮಕ್ಕಳು ಹುಟ್ಟಲೆಂದು ಶುರುವಾದ ಯೋಜನೆಯಲ್ಲಿ ಈಗ ಮನೆಯ ಹಿರಿಯರ ಆರೈಕೆಗೂ ಹಣ ಸಿಗುತ್ತದೆ.